ಲಾಂಛನಕ್ಕೂ ಒಂದು ಹೆಸರು ಬರೆ, ತಮ್ಮಾ

ತಮ್ಮಾ, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನ ಸುದ್ದಿ ಒಂದೇ ಕಡೆ ಸಿಗಬೇಕೆಂದು ನೀನೂ ನಿನ್ನ ಗೆಳೆಯರೂ ಹಟ ಹಿಡಿದು ಜಾಲತಾಣ ಶುರು ಮಾಡಿದ್ದೀರಿ. ದಿನಾ ನೋಡುತ್ತೇನೆ. ವರದಾ ನದಿಯ ನೀರು ಎಲ್ಲಿಯತನಕ ಬಂತು, ಯಾವ ಊರಿನ ಬಸ್ಸು ನಿಂತಿತು, ಗೋವಿನಜೋಳ ಏನು ರೇಟಿಗೆ ಹೋಯಿತು, ಯಾರ ಮನೆಯ ಹುಡುಗಿ ಪಿಎಸ್‌ಐ ಆದಳು, ಎಲ್ಲವೂ ಇರುತ್ತದೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಧಾರವಾಡ ಜಿಲ್ಲೆಯ ತುದಿಯಲ್ಲಿದ್ದ ನಮ್ಮ ಹಳ್ಳಿಗಳ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲು ಬಂದರೆ ಅದೇ ದೊಡ್ಡದು. ಆದ್ದರಿಂದ ಮೊದಲು ಶಹಬ್ಬಾಸ್, ಆಮೇಲೆ ಕಿವಿಮಾತು.

ನಿನ್ನ ಬರಹದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಬರಹದ ಮಗ್ಗುಲಲ್ಲಿ ಕೂತ ಸಣ್ಣಪುಟ್ಟ ಚಿತ್ರಗಳ ಬಗ್ಗೆ: ಪತ್ರಿಕೆಯ ಲಾಂಛನ, ಮೂಲೆಯ ಗಂಟೆ, ಹಂಚಿಕೊಳ್ಳುವ ಬಾಣ, ರೇಟಿನ ಪಕ್ಕದ ಕೆಂಪು-ಹಸಿರು ಗುರುತು. ನೋಡುವವರಿಗೆ ಇವು ಏನೆಂದು ತಟ್ಟನೆ ತಿಳಿಯುತ್ತದೆ. ಕೇಳಿ ಓದುವವರಿಗೆ ಇವೆಲ್ಲ ಚೀಟಿ ಅಂಟಿಸದ ಕಿರಾಣಿ ಡಬ್ಬಿಗಳು.

ಕೇಳಿ ಓದುವವರು ಯಾರು ಎಂದು ನೀನು ಕೇಳುವುದು ಬೇಡ. ನೀನು ಹುಟ್ಟಿದ ಸೀಮೆಯಲ್ಲಿ ಆ ಪ್ರಶ್ನೆ ಕೇಳಬಾರದು. ಗಾನಯೋಗಿ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳ ಕಣ್ಣಿಗೆ ಬಿದ್ದು, ಸಂಗೀತ ಕಲಿತು, ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿ, ಕಣ್ಣಿಲ್ಲದ ನೂರಾರು ಮಕ್ಕಳಿಗೆ ಹಾಡು, ಅನ್ನ, ಮರ್ಯಾದೆ ಮೂರನ್ನೂ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊರೆ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರೂ ನಮ್ಮವರೇ, 1914ರಲ್ಲಿ ಇದೇ ಹಾನಗಲ್ಲ ತಾಲೂಕಿನಲ್ಲಿ ಹುಟ್ಟಿದವರು, ಹಸುಗೂಸಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದರು, ನಾಟಕ ಬರೆಸಿ ಕಂಪನಿ ನಡೆಸಿದರು, 2010ರಲ್ಲಿ ಪದ್ಮಭೂಷಣ ಪಡೆದರು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋದರು. ಅಚ್ಚಾದದ್ದನ್ನು ಅವರಿಗೆ ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಬೇಕಿತ್ತು. ಇವತ್ತಿನ ಹುಡುಗನಿಗೆ ಫೋನೇ ಓದಿ ಹೇಳುತ್ತದೆ. ಫೋನಿಗೆ ಓದಲು ನಾವು ಏನಾದರೂ ಬರೆದಿಟ್ಟಿದ್ದರೆ ಮಾತ್ರ.

ಇಷ್ಟಕ್ಕೂ ಈ ನಾಲ್ಕು ತಾಲೂಕಿನ ದೊಡ್ಡ ಸಾಹಿತ್ಯವೆಲ್ಲ ಬಾಯಿಯಿಂದ ಕಿವಿಗೆ ಹೋದದ್ದೇ. ಬಾಡದ ಕನಕದಾಸರು, ಶಿಶುನಾಳದ ಶರೀಫರು ಇಬ್ಬರೂ ಶಿಗ್ಗಾವಿ ತಾಲೂಕಿನವರು. ಅಬಲೂರಿನವರು ನಮ್ಮವನು ಎನ್ನುವ ಸರ್ವಜ್ಞ ಹಿರೇಕೆರೂರು ಕಡೆಯವನು. ಅವರನ್ನು ಕಾಪಾಡಿಕೊಂಡು ಬಂದದ್ದು ಹೆಚ್ಚಾಗಿ ಅಕ್ಷರ ಬಾರದ ಜನ. ಇರಲಿ, ಮಾತು ಎಲ್ಲಿಗೋ ಹೋಯಿತು.

ನೀನು ಬರೆದದ್ದು ನಿನ್ನ ತಾಣದಲ್ಲಷ್ಟೇ ಉಳಿಯುವುದಿಲ್ಲ. ತಾಣದ ಬೆನ್ನಿಗೆ ಒಂದು ಫೀಡ್ ಇರುತ್ತದೆ. ತಾಣ ನಡೆಸುವ ತಂತ್ರಾಂಶವೇ ಅದನ್ನು ತಾನಾಗಿ ತಯಾರಿಸುವುದರಿಂದ ಎಷ್ಟೋ ಸಂಪಾದಕರು ಅದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ತಲೆಬರಹ, ಸಾರಾಂಶ, ಕೊಂಡಿ, ತಾರೀಕು, ಜೊತೆಗೊಂದು ಲಾಂಛನ, ಇಷ್ಟನ್ನು ಹೊತ್ತುಕೊಂಡು ಅದು ಓದುಗರ ಫೋನಿನಲ್ಲಿರುವ ರೀಡರ್ ಆಪ್‌ಗಳಿಗೆ ಹೋಗಿ ಸೇರುತ್ತದೆ. ಪಾಡ್‌ಕಾಸ್ಟ್‌ಗಳು ಊರೂರು ತಲುಪುವುದೂ ಇಂಥದೇ ಫೀಡಿನಿಂದ. ಕಣ್ಣು ಕಾಣದವರಿಗೆ ಫೀಡ್ ಎಂದರೆ ನೆಮ್ಮದಿ. ತಾಣಕ್ಕೇ ಹೋದರೆ ಮೆನು, ಜಾಹೀರಾತು, ನಡುವೆ ಹಾರಿ ಬರುವ ಪೆಟ್ಟಿಗೆ ಎಲ್ಲವನ್ನೂ ದಾಟಿ ಸುದ್ದಿ ಹುಡುಕಬೇಕು. ಫೀಡಿನಲ್ಲಿ ಸುದ್ದಿಯ ಹಿಂದೆ ಸುದ್ದಿ ಸಾಲಾಗಿ ಬರುತ್ತದೆ.

ಎಡವಟ್ಟು ಶುರುವಾಗುವುದು ಲಾಂಛನದಲ್ಲಿ. ರೀಡರ್ ಆಪಿನಲ್ಲಿ ಹತ್ತು ಪತ್ರಿಕೆಗಳ ಲಾಂಛನ ಸಾಲಾಗಿ ನಿಂತಿವೆ ಎಂದಿಟ್ಟುಕೋ. ಬೆರಳು ಒಂದೊಂದರ ಮೇಲೆ ಸರಿದಂತೆ ಫೋನು ಹೆಸರು ಹೇಳುತ್ತ ಹೋಗಬೇಕು. ನಿನ್ನದಕ್ಕೆ ಬಂದಾಗ 'ಇಮೇಜ್' ಎಂದು ಸುಮ್ಮನಾಗುತ್ತದೆ. ಇಲ್ಲವೇ ಕಡತದ ಹೆಸರು ಹಿಡಿದುಕೊಂಡು 'ಲೋಗೊ ಫೈನಲ್ ನ್ಯೂ ಎರಡು ಡಾಟ್ ಪಿಎನ್‌ಜಿ' ಎಂದು ಒದರುತ್ತದೆ. ಲಾಂಛನ ಬಿಡಿಸಿದ ಹುಡುಗ ಕಂಪ್ಯೂಟರಿನಲ್ಲಿ ಅದನ್ನು ಯಾವ ಹೆಸರಿನಲ್ಲಿ ಉಳಿಸಿದ್ದನೋ ಅದೇ ಈಗ ನಿಮ್ಮ ಪತ್ರಿಕೆಯ ಹೆಸರು!

ಫೀಡ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಆರ್‌ಎಸ್‌ಎಸ್ 2.0, 2002ರಲ್ಲಿ ಬಂದದ್ದು. ಅದರಲ್ಲಿ ಚಿತ್ರಕ್ಕೆಂದೇ ಒಂದು ಜಾಗವಿದೆ. ಅಲ್ಲಿ ಮೂರು ಸಂಗತಿ ಕಡ್ಡಾಯ: ಚಿತ್ರ ಇರುವ ವಿಳಾಸ, ಚಿತ್ರದ ಶೀರ್ಷಿಕೆ, ಒತ್ತಿದರೆ ಎಲ್ಲಿಗೆ ಹೋಗಬೇಕು ಎಂಬ ಕೊಂಡಿ. ಫೀಡನ್ನು ವೆಬ್ ಪುಟವಾಗಿ ತೋರಿಸುವಾಗ ಆ ಶೀರ್ಷಿಕೆಯೇ ಚಿತ್ರದ ಆಲ್ಟ್ ಪಠ್ಯ, ಅಂದರೆ ಚಿತ್ರದ ಬದಲಿಗೆ ಓದುವ ಪಠ್ಯ, ಆಗುತ್ತದೆ ಎಂದು ನಿಯಮದಲ್ಲೇ ಬರೆದಿದ್ದಾರೆ. ಚಿತ್ರದ ಅಗಲ 144 ಪಿಕ್ಸೆಲ್ ದಾಟಬಾರದು, ಎತ್ತರ 400 ದಾಟಬಾರದು ಎನ್ನುತ್ತಿದ್ದ ಕಾಲದಲ್ಲೇ ಕಣ್ಣಿಲ್ಲದ ಓದುಗನನ್ನು ನೆನೆದವರಿದ್ದರು ನೋಡು.

ಇನ್ನೊಂದು ಆಟಮ್. 2005ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 4287 ಎಂಬ ದಾಖಲೆಯಾಗಿ ಪ್ರಕಟವಾಯಿತು. ಅದರಲ್ಲಿ ಐಕಾನಿಗೊಂದು, ಲೋಗೊಗೊಂದು ಬೇರೆಬೇರೆ ಜಾಗ. ಐಕಾನ್ ಚೌಕವಾಗಿರಲಿ, ಲೋಗೊದ ಅಗಲ ಎತ್ತರದ ಎರಡರಷ್ಟಿರಲಿ ಎಂದು ಅಳತೆಯನ್ನೂ ಹೇಳಿದೆ. ಆದರೆ ಎರಡರೊಳಗೂ ಬರೆಯುವುದು ಚಿತ್ರದ ವಿಳಾಸವನ್ನು ಮಾತ್ರ. ಬದಲಿ ಪಠ್ಯಕ್ಕೆ ಅಲ್ಲಿ ಜಾಗವೇ ಇಲ್ಲ. ಇದನ್ನು ದೊಡ್ಡ ಲೋಪ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದೇ ಆಟಮ್ ಪ್ರತಿ ಫೀಡಿಗೂ ಶೀರ್ಷಿಕೆ ಇರಲೇಬೇಕು ಎಂದಿದೆ. ಪತ್ರಿಕೆಯ ಲಾಂಛನ ಹೇಳುವುದಾದರೂ ಏನನ್ನು? ಇದು ಇಂಥವರ ಪತ್ರಿಕೆ ಎಂಬುದನ್ನು. ಶೀರ್ಷಿಕೆ ಸರಿಯಾಗಿದ್ದರೆ ರೀಡರ್ ಆಪು ಅದನ್ನೇ ಎತ್ತಿಕೊಂಡು ಲಾಂಛನದ ಬದಲಿಗೆ ಓದಬಹುದು. ಅಂದರೆ ಹೊಣೆಯೆಲ್ಲ ಶೀರ್ಷಿಕೆಯ ಹೆಗಲಿಗೆ ಬಂತು.

ಆ ಶೀರ್ಷಿಕೆಯ ಜಾಗದಲ್ಲಿ ನಮ್ಮವರು ಬರೆಯುವುದನ್ನು ನೋಡಿದ್ದೀಯಾ? 'ಹೋಮ್', 'ಮುಖಪುಟ', 'ನ್ಯೂಸ್'. ನಾಲ್ಕು ಪತ್ರಿಕೆಗಳ ಹೆಸರು 'ಮುಖಪುಟ' ಎಂದೇ ಆದರೆ ಕೇಳುವವನು ಯಾವುದನ್ನು ತೆರೆಯಬೇಕು? ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಪತ್ರಿಕೆಯ ಹೆಸರು, ಅದರ ಮುಂದೆ 'ಹಾವೇರಿ ಜಿಲ್ಲೆಯ ನಂಬರ್ ಒನ್, ನೇರ ದಿಟ್ಟ ನಿರಂತರ ಸುದ್ದಿವಾಹಿನಿ', ಅದರ ಮುಂದೆ ಸಂಪಾದಕರ ಹೆಸರು, ಮೊಬೈಲ್ ನಂಬರು. ಕಣ್ಣು ಇದನ್ನೆಲ್ಲ ದಾಟಿ ಮುಂದೆ ಹೋಗುತ್ತದೆ. ಕಿವಿ ಪ್ರತಿ ಸಲವೂ ಪೂರ್ತಿ ಕೇಳಬೇಕು. ಪತ್ರಿಕೆಯ ಹೆಸರು, ಬೇಕಿದ್ದರೆ ಊರು, ಅಷ್ಟು ಸಾಕು. ನೀನು ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಬಳಸುತ್ತಿದ್ದರೆ ಇದು ಇನ್ನೂ ಸಲೀಸು. ಸೈಟ್ ಐಕಾನ್ ಹಾಕಿದ ಕೂಡಲೇ ಅದು ಆ ಚಿತ್ರವನ್ನು ಆರ್‌ಎಸ್‌ಎಸ್ ಫೀಡಿಗೆ ಸೇರಿಸಿ, ತಾಣದ ಶೀರ್ಷಿಕೆಯನ್ನೇ ಚಿತ್ರದ ಶೀರ್ಷಿಕೆಯಾಗಿ ಬರೆದುಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತಾಯಿತು. ಅಲ್ಲೇ ಕೆಳಗೆ ಅಡಿಬರಹದ ಜಾಗವನ್ನೂ ನೋಡು. ಹಳೆಯ ತಾಣಗಳಲ್ಲಿ ಇವತ್ತಿಗೂ 'ಜಸ್ಟ್ ಅನದರ್ ವರ್ಡ್‌ಪ್ರೆಸ್ ಸೈಟ್' ಎಂಬ ಕಂಪನಿ ಸಾಲೇ ಉಳಿದಿರುತ್ತದೆ. ಫೀಡಿನಲ್ಲಿ ಅದೂ ಹೋಗುತ್ತದೆ.

ಚಿತ್ರಕ್ಕೆ ಪಠ್ಯ ಬರೆ ಎಂದ ಕೂಡಲೇ ಹುಡುಗರು ವರ್ಣನೆಗೆ ಇಳಿಯುತ್ತಾರೆ. ಸವಣೂರಿನ ದೊಡ್ಡಹುಣಸೆ ಮರವನ್ನು ಲಾಂಛನ ಮಾಡಿಕೊಂಡ ಒಂದು ಪತ್ರಿಕೆಯಿದೆ ಎಂದಿಟ್ಟುಕೋ. ಕಲ್ಮಠದ ಆ ಮರ ನಿನಗೆ ಗೊತ್ತು, ಆಫ್ರಿಕಾ ಮೂಲದ ಬಾವೊಬಾಬ್. ಲಾಂಛನಕ್ಕೆ 'ಹಸಿರು ವೃತ್ತದೊಳಗೆ ದಪ್ಪ ಕಾಂಡದ ಮರ, ಕೆಳಗೆ ಕೆಂಪು ಅಕ್ಷರ' ಎಂದು ಬರೆದರೆ ಕೇಳಿದವನಿಗೆ ಏನು ತಿಳಿಯಿತು? ಅವನಿಗೆ ಬೇಕಾದದ್ದು ಪತ್ರಿಕೆಯ ಹೆಸರು. ಅದೇ ಮರದ ಬಗ್ಗೆ ನೀನು ಲೇಖನ ಬರೆದು ಫೋಟೊ ಹಾಕಿದಾಗ ಮಾತ್ರ 'ಕಲ್ಮಠದ ದೊಡ್ಡಹುಣಸೆ ಮರ, ಹಲವು ಜನ ಕೈಹಿಡಿದು ಸುತ್ತುವಷ್ಟು ದಪ್ಪ ಕಾಂಡ' ಎನ್ನುವಂಥ ಸಾಲು ಬೇಕು. ಚಿತ್ರ ಆ ಜಾಗದಲ್ಲಿ ಕೂತು ಯಾವ ಕೆಲಸ ಮಾಡುತ್ತಿದೆ ಎಂದು ಕೇಳಿಕೋ, ಆ ಕೆಲಸವನ್ನು ಅಕ್ಷರದಲ್ಲಿ ಮಾಡು. ಫೀಡಿಗೆ ಕಿತ್ತಳೆ ಬಣ್ಣದ ಚೌಕದಲ್ಲಿ ಅಲೆ ಬಿಡಿಸಿದ ಗುರುತು ಇರುತ್ತದಲ್ಲ, ಅದು ಫೈರ್‌ಫಾಕ್ಸ್‌ಗಾಗಿ ಹುಟ್ಟಿ, 2005ರ ಕೊನೆಗೆ ಮೈಕ್ರೋಸಾಫ್ಟ್‌ನವರೂ ಒಪ್ಪಿಕೊಂಡ ಚಿತ್ರ. ಅದಕ್ಕೆ 'ಕಿತ್ತಳೆ ಚೌಕ' ಎಂದು ಬರೆಯಬೇಡ, 'ಈ ತಾಣದ ಫೀಡ್' ಎಂದು ಬರೆ. ಗಂಟೆಯ ಚಿತ್ರಕ್ಕೆ 'ಗಂಟೆ' ಎಂದು ಬರೆದರೆ ಗುಡಿಯ ಸುದ್ದಿ ಎಂದುಕೊಂಡಾರು. 'ಹೊಸ ಸುದ್ದಿಯ ಸೂಚನೆ ಪಡೆಯಿರಿ' ಎಂದು ಬರೆ.

ಇನ್ನು ರೇಟಿನ ಪಟ್ಟಿ. ಹಿರೇಕೆರೂರು, ಹಾನಗಲ್ಲದ ರೈತರು ನಿನ್ನ ತಾಣಕ್ಕೆ ಬರುವುದೇ ಅದಕ್ಕಾಗಿ. ಗೋವಿನಜೋಳ ಕ್ವಿಂಟಲಿಗೆ ಇಷ್ಟು ಎಂದು ಅಂಕಿ ಹಾಕುತ್ತೀಯ, ನಿನ್ನೆಗಿಂತ ಏರಿದ್ದರೆ ಹಸಿರು ಬಾಣ, ಇಳಿದಿದ್ದರೆ ಕೆಂಪು ಬಾಣ. ಫೋನು ಅಂಕಿಯನ್ನು ಓದುತ್ತದೆ, ಬಾಣವನ್ನು ನುಂಗಿಬಿಡುತ್ತದೆ, ಇಲ್ಲವೇ 'ಇಮೇಜ್' ಎಂದಷ್ಟೇ ಹೇಳುತ್ತದೆ. ಮಾಲು ಇವತ್ತು ಹೇರಿಕೊಂಡು ಹೋಗಲೋ, ಎರಡು ದಿನ ತಡೆಯಲೋ ಎಂದು ಲೆಕ್ಕ ಹಾಕುವ ರೈತನಿಗೆ ಅಂಕಿಯಷ್ಟೇ ಮುಖ್ಯ ಆ ಬಾಣ. ಮೋತಿಬಿಂದು ಬಂದು ಕಣ್ಣು ಮಂಜಾದವನು, ಕೆಂಪು-ಹಸಿರಿನ ವ್ಯತ್ಯಾಸ ಗೊತ್ತಾಗದವನು, ಅಕ್ಷರ ಕಲಿಯದೆ ಫೋನಿಂದಲೇ ಓದಿಸಿಕೊಳ್ಳುವವನು, ಎಲ್ಲರಿಗೂ ಅಲ್ಲೇ ನಷ್ಟ. ಆಲ್ಟ್‌ನಲ್ಲಿ 'ಏರಿಕೆ', 'ಇಳಿಕೆ' ಎಂದು ಒಂದೊಂದು ಪದ ಹಾಕು. ನನ್ನ ಕೇಳಿದರೆ ಬಾಣವನ್ನೇ ತೆಗೆದು ಆ ಪದವನ್ನೇ ಎಲ್ಲರಿಗೂ ಕಾಣುವಂತೆ ಬರೆದುಬಿಡು ಎನ್ನುತ್ತೇನೆ. ನೆಟ್‌ವರ್ಕ್ ಕೈಕೊಟ್ಟು ಚಿತ್ರ ಮೂಡದಿದ್ದಾಗಲೂ ಪದ ಇರುತ್ತದೆ.

ಕೆಲವು ಕಡೆ ಸುಮ್ಮನಿರುವುದೇ ಸರಿ. ಲಾಂಛನದ ಪಕ್ಕದಲ್ಲೇ ಪತ್ರಿಕೆಯ ಹೆಸರು ಅಕ್ಷರದಲ್ಲೂ ಇದೆ, ಎರಡೂ ಸೇರಿ ಒಂದೇ ಕೊಂಡಿ ಎಂದರೆ ಲಾಂಛನದ ಆಲ್ಟ್ ಖಾಲಿ ಇರಬೇಕು. ಇಲ್ಲದಿದ್ದರೆ ಹೆಸರು ಎರಡೆರಡು ಸಲ ಕೇಳುತ್ತದೆ, ಪ್ರತಿ ಸುದ್ದಿಯ ತಲೆಯ ಮೇಲೂ ಕೇಳುತ್ತದೆ. ಖಾಲಿ ಬಿಡುವುದೆಂದರೆ ಆಲ್ಟ್ ಎಂದು ಬರೆದು ಉದ್ಧರಣ ಚಿಹ್ನೆಗಳ ನಡುವೆ ಏನನ್ನೂ ಬರೆಯದಿರುವುದು. ಆಲ್ಟ್ ಎಂಬುದನ್ನೇ ಬಿಟ್ಟುಬಿಟ್ಟರೆ ಕಥೆ ಬೇರೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಓದುಯಂತ್ರ ಖಾಲಿ ಆಲ್ಟ್ ಕಂಡರೆ 'ಇದು ಅಲಂಕಾರ' ಎಂದು ಮುಂದೆ ಹೋಗುತ್ತದೆ, ಆಲ್ಟೇ ಇಲ್ಲದಿದ್ದರೆ ಮತ್ತೆ ಕಡತದ ಹೆಸರು ಹುಡುಕಲು ಕೂರುತ್ತದೆ. ಸುದ್ದಿಯ ಕೊನೆಗೆ ಹಾಕುವ ಹೂಬಳ್ಳಿ, ಗೆರೆ, ಚುಕ್ಕಿಗಳಿಗೂ ಇದೇ ಮಾತು.

ಎಮೋಜಿಯ ವಿಷಯ ಬೇರೆಯಾಗಿ ಹೇಳಬೇಕು. ಅದು ಅಕ್ಷರದ ಸಾಲಿಗೇ ಸೇರಿದ್ದರಿಂದ ಫೋನು ಅದರ ಹೆಸರನ್ನು ಹಿಡಿದು ಓದುತ್ತದೆ. ಬ್ರೇಕಿಂಗ್ ಸುದ್ದಿಯ ಮುಂದೆ ನೀವು ಸಾಲಾಗಿ ಇಡುವ ಕೆಂಪು ದೀಪದ ಹೆಸರು 'ಪೊಲೀಸ್ ಕಾರ್ ಲೈಟ್'. ಗುಡಿಯ ಜಾತ್ರೆಯ ಸುದ್ದಿಗೂ ಅದೇ ದೀಪ ಹಚ್ಚಿದರೆ ಕೇಳುವವನು ಜಾತ್ರೆಯಲ್ಲಿ ಏನು ಗಲಾಟೆಯಾಯಿತೋ ಎಂದು ಗಾಬರಿ ಬೀಳುತ್ತಾನೆ. ನಿಧನ ವಾರ್ತೆಯ ಮುಂದೆ ಐದು ಸಲ ಕೈಮುಗಿದರೆ ಹಲವು ಯಂತ್ರಗಳು ಐದೂ ಸಲ ಅದರ ಹೆಸರು ಹೇಳಿ ಮುಗಿಸಿ, ಆಮೇಲೆ ಸತ್ತವರು ಯಾರೆಂದು ಹೇಳುತ್ತವೆ. ಒಂದು ಸಾಕು, ಅದೂ ಕೊನೆಗೆ ಇರಲಿ.

ಕನ್ನಡದಲ್ಲಿ ಬರೆಯುವಾಗ ಇನ್ನೂ ಎರಡು ತೊಡಕುಗಳಿವೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನುಡಿ ಎಂಬ ತಂತ್ರಾಂಶದ ಹಳೆಯ ಅಕ್ಷರಗಳಲ್ಲೇ ಟೈಪ್ ಮಾಡುವವರಿದ್ದಾರೆ. ಆ ಹಳೆಯ ವ್ಯವಸ್ಥೆಯಲ್ಲಿ ಪರದೆಯ ಮೇಲೆ 'ಕನ್ನಡ' ಎಂದು ಮುದ್ದಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷಿನ 'ಪಿ', ಪೌಂಡ್ ಚಿಹ್ನೆ, 'ಕ್ಯೂ' ಮತ್ತು ಕೊಂಬು ಬಂದ 'ಎ'ಗಳು. ಓದುಯಂತ್ರ ಒಳಗಿದ್ದದ್ದನ್ನೇ ಓದುತ್ತದೆ. ಅಂಗಡಿಯವನು ಕಳಿಸಿದ ಸಾಲನ್ನು ಹಾಗೇ ಆಲ್ಟ್‌ಗೆ ಅಂಟಿಸಬೇಡ. ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ, ಅರ್ಕಾವತ್ತು ಸರಿಬಂದಿದೆಯೇ ಎಂದು ನೋಡಿ ಹಾಕು. ಎರಡನೆಯದು ಭಾಷೆಯ ಗುರುತು. ಆರ್‌ಎಸ್‌ಎಸ್ ಫೀಡಿನಲ್ಲಿ ಇದು ಯಾವ ಭಾಷೆ ಎಂದು ಹೇಳಲು ಜಾಗವಿದೆ, ಅಲ್ಲಿ ಕನ್ನಡಕ್ಕೆ 'ಕೆಎನ್' ಎಂಬ ಎರಡು ಇಂಗ್ಲಿಷ್ ಅಕ್ಷರ ಹಾಕಬೇಕು. ಆಟಮ್‌ನಲ್ಲಿ ಇದನ್ನು ಎಕ್ಸ್‌ಎಂಎಲ್ ಲ್ಯಾಂಗ್ ಎಂಬ ಗುರುತಿನಲ್ಲಿ ಬರೆಯುತ್ತಾರೆ. ಅಲ್ಲಿ ಇಂಗ್ಲಿಷ್ ಎಂದೇ ಉಳಿದುಬಿಟ್ಟರೆ ಯಂತ್ರ ಎಷ್ಟೋ ಸಲ ಇಂಗ್ಲಿಷ್ ಧ್ವನಿಯಲ್ಲಿ ತೊದಲುತ್ತದೆ, ಇಲ್ಲವೇ ಕನ್ನಡದ ಸಾಲುಗಳನ್ನು ಹಾರಿಸಿ ಮುಂದಕ್ಕೆ ಹೋಗುತ್ತದೆ.

ಸುದ್ದಿಯನ್ನೇ ಕಾರ್ಡು ಮಾಡಿ ಚಿತ್ರವಾಗಿ ಹಾಕುವ ಚಟವಂತೂ ನಮ್ಮ ಕಡೆ ಮಿತಿಮೀರಿದೆ. ನೀರು ಬಿಡುವ ದಿನ, ಕರೆಂಟು ಹೋಗುವ ಹೊತ್ತು, ಆರೋಗ್ಯ ಶಿಬಿರ, ಎಲ್ಲವೂ ಬಣ್ಣದ ಕಾರ್ಡು, ಮೇಲೆ ಲಾಂಛನ, ಕೆಳಗೆ ಶುಭ ಕೋರುವವರ ಫೋಟೊ. ನೇತ್ರ ತಪಾಸಣಾ ಶಿಬಿರದ ತಾರೀಕನ್ನೂ ಚಿತ್ರದೊಳಗೇ ಬರೆದು ಹಾಕುತ್ತಾರೆ, ಕಣ್ಣು ಕಾಣದವರು ಅದನ್ನು ಹೇಗೆ ಓದಿಯಾರು? ಕಾರ್ಡು ಬೇಡ ಎನ್ನುವುದಿಲ್ಲ. ಅದರ ಕೆಳಗೆ ಊರು, ದಿನ, ವೇಳೆ ಮೂರನ್ನೂ ಅಕ್ಷರದಲ್ಲಿ ಬರೆ.

ಇದಕ್ಕೆಲ್ಲ ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಮು ಶ್ರವ್ಯ, ಮುದ್ರಣ, ವಿದ್ಯುನ್ಮಾನ ಮಾಧ್ಯಮಗಳಲ್ಲಿರುವುದೆಲ್ಲ ಅವರಿಗೂ ದಕ್ಕುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಕೈಗೆಟುಕುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಲ್ಲಿ ಮೊದಲು ಬಂದಾಗಲೂ ಮೊದಲ ಅಂಶ ಚಿತ್ರಕ್ಕೆ ಬದಲಿ ಪಠ್ಯ ಕೊಡಿ ಎಂಬುದೇ ಆಗಿತ್ತು. ನಾಲ್ಕು ಹುಡುಗರ ಪತ್ರಿಕೆಯ ಮೇಲೆ ಯಾರೂ ದಾವೆ ಹೂಡಲು ಬರುವುದಿಲ್ಲ, ಅದು ನನಗೂ ಗೊತ್ತು. ಆದರೆ 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವಿದ್ದವರು ಸುಮಾರು 50 ಲಕ್ಷ. ಆ ಲೆಕ್ಕದಲ್ಲಿ ನಮ್ಮ ತಾಲೂಕುಗಳ ಪಾಲೂ ಇದೆ, ಅವರು ನಿನ್ನ ಓದುಗರಾಗಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ.

ಖರ್ಚಿನ ಮಾತೂ ಇಲ್ಲ ಇದರಲ್ಲಿ. ಕಂಪ್ಯೂಟರಿನಲ್ಲಿ ಪರೀಕ್ಷಿಸಲು ಎನ್‌ವಿಡಿಎ ಎಂಬ ಓದುಯಂತ್ರ ಪುಕ್ಕಟೆ ಸಿಗುತ್ತದೆ. ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಕಣ್ಣು ಕಾಣದ ಯುವಕ 2006ರಲ್ಲಿ ಅದನ್ನು ಶುರು ಮಾಡಿದ. ದುಡ್ಡು ಕೊಟ್ಟು ಕೊಳ್ಳಲಾಗದವರಿಗೂ ಓದುಯಂತ್ರ ಸಿಗಲಿ ಎಂಬುದೇ ಅದರ ಉದ್ದೇಶ. ಇ-ಸ್ಪೀಕ್ ಧ್ವನಿಯಲ್ಲಿ ಅದು ಕನ್ನಡವನ್ನೂ ಓದುತ್ತದೆ, ಸ್ವಲ್ಪ ಗೊಗ್ಗರು ದನಿ, ಅಷ್ಟೇ. ನಿನ್ನ ಆಂಡ್ರಾಯ್ಡ್ ಫೋನಿನಲ್ಲಂತೂ ಟಾಕ್‌ಬ್ಯಾಕ್ ಎಂಬ ಓದುಯಂತ್ರ ಆಗಲೇ ಕೂತಿದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಅದನ್ನು ಶುರು ಮಾಡು. ಆಮೇಲೆ ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಅದನ್ನು ನಿಲ್ಲಿಸುವುದು ಹೇಗೆಂದು ಮೊದಲೇ ತಿಳಿದುಕೊಂಡು ಶುರು ಮಾಡು, ಇಲ್ಲದಿದ್ದರೆ ಅರ್ಧ ದಿನ ಫೋನಿನೊಡನೆ ಜಗಳವಾಡುತ್ತ ಕೂರಬೇಕಾದೀತು. ನಿನ್ನ ಪತ್ರಿಕೆಯ ಫೀಡನ್ನು ಯಾವುದಾದರೂ ರೀಡರ್ ಆಪಿಗೆ ಸೇರಿಸು, ಕಣ್ಣು ಮುಚ್ಚಿಕೋ, ಲಾಂಛನದಿಂದ ಶುರು ಮಾಡಿ ಇವತ್ತಿನ ರೇಟಿನ ಪಟ್ಟಿಯ ತನಕ ಕೇಳು. ಎಲ್ಲಿ 'ಇಮೇಜ್' ಎಂದಿತೋ ಅಲ್ಲಿ ಗುರುತು ಹಾಕಿಕೊಂಡು ತಿದ್ದು.

ಶೀರ್ಷಿಕೆಯನ್ನು ಮಾತ್ರ ನಾಳೆಗೆ ಇಡಬೇಡ, ಇವತ್ತೇ ಸರಿಮಾಡು. ಆಮೇಲೆ ನಿನಗೆ ಗೊತ್ತಿರುವ ಕಣ್ಣು ಕಾಣದ ಒಬ್ಬರಿಗೆ ಫೀಡಿನ ಕೊಂಡಿ ಕಳಿಸಿ, ಹೇಗೆ ಕೇಳುತ್ತದೆ ಎಂದು ಕೇಳು. ಅವರು ಹೇಳುವ ತಪ್ಪುಗಳನ್ನು ನಾನೂ ನೀನೂ ಕೂತು ಹುಡುಕಿದರೂ ಕಂಡುಹಿಡಿಯಲಾರೆವು.